ಓ ಅನ್ನುವಷ್ಟು ಹೊತ್ತು

ಹೊಳೆಯ ಸೋಪಾನಕಟ್ಟೆಯ ಮೇಲೊಂದು ಕಲ್ಲುಮಂಟಪ. ಅದರೊಳಗೆ ಶಿವನಂಜು ಮೇಷ್ಟ್ರು ಬೆಸುಗೆ ಕಡ್ಡಿ ಹಿಡಿದು ಕೂತಿರುತ್ತಿದ್ದರು. ಊರವರು ಮಂಟಪವನ್ನು ಆಶ್ರಮ ಅನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ಗೌರವಕ್ಕೆ. ಕೆಟ್ಟ ರೇಡಿಯೋ, ಪಂಪ್‌ಸೆಟ್ಟಿನ ಸ್ಟಾರ್ಟರು, ದೇವಸ್ಥಾನದ ಮೈಕು, ಎಲ್ಲ ಅಲ್ಲಿಗೇ ಬರುತ್ತಿದ್ದವು.

ಮೇಷ್ಟ್ರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರುಗಳ ಟ್ರಂಕ್ ಕಾಲ್ ಜೋಡಿಸಿದವರು. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅನ್ನುವುದು ಅಲ್ಲಿಯ ಕಟ್ಟಪ್ಪಣೆ. ಕೆಲಸ ಮುಗಿದರೂ ಅಭ್ಯಾಸ ಮುಗಿಯಲಿಲ್ಲ. ಎದುರಿಗಿದ್ದವರು ಮಾತು ಶುರು ಮಾಡಿದರೆ ಇವರ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಇಂಥವರಿಗೆ ಸಿಕ್ಕ ಶಿಷ್ಯೆ ಎಂಥವಳು ಅಂತೀರಿ? ಸರ್ವಮಂಗಳ. ಅವಳು ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ.

ಪಾಪ, ಅವಳ ಮಾತಿಗೂ ಒಂದು ಕಾರಣ ಇತ್ತು.

ಹೋದ ಮಳೆಗಾಲದಲ್ಲಿ ಅಣೆಕಟ್ಟೆಯ ಗೇಟು ಎತ್ತಿದ್ದು ಈ ಊರಿಗೆ ಗೊತ್ತೇ ಆಗಲಿಲ್ಲ. ಹೊಳೆಯ ನಡುಗಡ್ಡೆಯಲ್ಲಿ ಅವಳಪ್ಪ ಗುರುಮಲ್ಲಪ್ಪನವರ ಕನಕಾಂಬರದ ತೋಟ. ನೀರು ಬಂದಾಗ ಅವರು ಅಲ್ಲೇ ಇದ್ದರು. ಎರಡು ಗಂಟೆ ಹೊತ್ತು ಒಂದು ಹೊಂಗೆ ಮರವನ್ನು ತಬ್ಬಿಕೊಂಡಿದ್ದರು. ಅಷ್ಟೂ ಹೊತ್ತು ಮಂಗಳ ದಡದಲ್ಲಿ ನಿಂತು ನೋಡಿದಳು. ಅಪ್ಪ ಉಳಿದರು. ಆದರೆ ಆಮೇಲೆ ಅವರು ಹೊಳೆಗೆ ಕಾಲಿಡಲಿಲ್ಲ, ಇವಳು ನೆಟ್ಟಗೆ ನಿದ್ದೆ ಮಾಡಲಿಲ್ಲ.

ಆ ತಿಂಗಳೇ ಮಂಟಪಕ್ಕೆ ಬಂದಳು.

"ಮೇಷ್ಟ್ರೇ, ನೀರು ಬರೋದನ್ನ ಮೊದಲೇ ಕೂಗಿ ಹೇಳೋ ಪೆಟ್ಟಿಗೆ ಒಂದು ಮಾಡಬೇಕು. ಕಲಿಸಿಕೊಡ್ತೀರಾ? ನನಗೆ ಭಯ ಮೇಷ್ಟ್ರೇ. ಕಣ್ಣು ಮುಚ್ಚಿದ್ರೆ ಆ ಹೊಂಗೆ ಮರಾನೇ ಕಾಣುತ್ತೆ. ಈ ಭಯ ಹೋಗೋದು ಹೇಗೆ, ಹೇಳಿ?"

ಮೇಷ್ಟ್ರು ಬಾಯಿ ತೆರೆದರು.

"ಡಿಪ್ಲೊಮಾ ಆಗಿದೆ, ಫಸ್ಟ್ ಕ್ಲಾಸು. ಬೆಸುಗೆ ಬರುತ್ತೆ. ಬೇಕಾದ್ರೆ ಕಸಾನೂ ಗುಡಿಸ್ತೀನಿ. ನಾಳೆಯಿಂದಲೇ ಬರ್ಲಾ? ಇಲ್ಲಾ ಇವತ್ತೇ ಕೂತ್ಕೊಳ್ಲಾ?"

ಮೇಷ್ಟ್ರು ಬಾಯಿ ಮುಚ್ಚಿದರು. ಪಕ್ಕದಲ್ಲಿದ್ದ ಮಣೆಯನ್ನು ಅವಳ ಕಡೆಗೆ ಸರಿಸಿದರು. ಅವಳು ಕೂತಳು.

ವರ್ಷ ತುಂಬುವುದರೊಳಗೆ ಪೆಟ್ಟಿಗೆ ಸಿದ್ಧವಾಯಿತು.

ಒಳಗೆ ಅಂಗೈಯಗಲದ ಒಂದು ಬೋರ್ಡು. ಬೋರ್ಡಿಗೆ ಕೇಬಲ್ಲು ಸಿಕ್ಕಿಸುವ ಎರಡು ಈಥರ್ನೆಟ್ ಪೋರ್ಟು. ಮೊದಲನೆಯದರಿಂದ ಹೊರಟ ಕೇಬಲ್ಲು ಮಂಟಪದ ಕಂಬಕ್ಕೆ ಬಿಗಿದಿದ್ದ ರೇಡಿಯೋ ಪೆಟ್ಟಿಗೆಗೆ. ಅಣೆಕಟ್ಟೆಯ ಕಚೇರಿಯವರ ಮಾತು ಗಾಳಿಯಲ್ಲಿ ಬಂದು ಅಲ್ಲಿಂದ ಬೋರ್ಡಿಗೆ ಇಳಿಯಬೇಕು. ಎರಡನೆಯದರ ಕೇಬಲ್ಲು ಕಟ್ಟೆಯ ಮೇಲಿನ ಸೈರನ್ನಿಗೆ. ಇವಲ್ಲದೆ ಹೊಳೆಯನ್ನು ನೋಡುವ ಒಂದು ಕ್ಯಾಮೆರಾ, ಸಪೂರ ತಂತಿಯಲ್ಲಿ ಬೋರ್ಡಿಗೆ ಅಂಟಿಕೊಂಡಿತ್ತು. ಐದು ನಿಮಿಷಕ್ಕೊಂದು ಚಿತ್ರ ತೆಗೆದು, ಅದೇ ಮೊದಲ ಕೇಬಲ್ಲಿನಲ್ಲಿ ಅಣೆಕಟ್ಟೆಗೆ ಕಳಿಸುತ್ತಿತ್ತು.

ಅಣೆಕಟ್ಟೆಯವರದು ಒಂದೇ ಷರತ್ತು. ಗೇಟು ಎತ್ತಿದೆವು ಅಂತ ತಮ್ಮಿಂದ ಮಾತು ಬಂದರೆ ಮಾತ್ರ ಸೈರನ್ ಕೂಗಬೇಕು. ಸುಮ್ಮಸುಮ್ಮನೆ ಕೂಗಿದರೆ ನಾಳೆ ಯಾರೂ ನಂಬುವುದಿಲ್ಲ. ಗೇಟು ಎತ್ತಿದ ಮೇಲೆ ನೀರು ಈ ಕಟ್ಟೆ ಮುಟ್ಟಲು ನಲವತ್ತು ನಿಮಿಷ. ಅಷ್ಟರೊಳಗೆ ತೆಪ್ಪ ದಡ ಸೇರಬೇಕು.

ಮೊದಲ ಸಲ ಕೇಬಲ್ ಸಿಕ್ಕಿಸಿದ ದಿನ ಮಂಗಳ ಪೋರ್ಟಿನ ಮೂಲೆಯ ಹಸಿರು ದೀಪವನ್ನೇ ನೋಡುತ್ತ ಕೂತಿದ್ದಳು. ದೀಪ ಹತ್ತಲು ಮೂರು ಸೆಕೆಂಡು ಹಿಡಿಯಿತು.

"ಅಷ್ಟು ಹೊತ್ತು ಏನು ಮಾಡ್ತಿರುತ್ತೆ ಮೇಷ್ಟ್ರೇ?"

"ಕೇಳ್ಕೊಳ್ತಿರುತ್ತೆ."

"ಏನನ್ನ?"

"ನೀನು ಎಷ್ಟು ವೇಗ ಬಲ್ಲೆ, ನಾನೆಷ್ಟು ಬಲ್ಲೆ. ಇಬ್ಬರೂ ಒಟ್ಟಿಗೆ ಮಾತಾಡಬಹುದೋ, ಒಬ್ಬರಾದ ಮೇಲೆ ಒಬ್ಬರೋ. ಎರಡು ತುದೀನೂ ಒಪ್ಪಿದ ಮೇಲೆ ಮಾತು."

"ಒಂದು ತುದಿ ಕೇಳೋದೇ ಇಲ್ಲ ಅಂದ್ರೆ?"

"ಆಗ ಇನ್ನೊಂದು ತುದಿ—"

"ಅಲ್ಲಾ ಮೇಷ್ಟ್ರೇ, ಮೂರು ಸೆಕೆಂಡ್ ಜಾಸ್ತಿ ಆಯ್ತಲ್ವಾ? ಆ ಮೂರು ಸೆಕೆಂಡಲ್ಲೇ ಅಣೆಕಟ್ಟೆಯಿಂದ ಮಾತು ಬಂದ್ಬಿಟ್ರೆ? ಯಾರು ಕೇಳಿಸ್ಕೊಳ್ತಾರೆ?"

ಮೇಷ್ಟ್ರು ನಕ್ಕು ಬೆಸುಗೆ ಕಡ್ಡಿ ಕೈಗೆತ್ತಿಕೊಂಡರು.

ಹಾವು ತುಳಿದವರಿಗೆ ಹಗ್ಗ ಕಂಡರೂ ಎದೆ ಧಸಕ್ಕೆನ್ನುತ್ತದೆ. ಆಮೇಲೊಂದು ದಿನ ಗುಡುಗು ಬಂತು. ಹಸಿರು ದೀಪ ಆರಿತು. ಒಂದು, ಎರಡು, ಮೂರು. ಮತ್ತೆ ಹತ್ತಿತು. ಅಷ್ಟೇ ಆಗಿದ್ದು. ಆದರೆ ಮಂಗಳನ ಜೀವ ಬಾಯಿಗೆ ಬಂದಿತ್ತು.

ಅವತ್ತು ಮೇಷ್ಟ್ರು ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಅವಳು ಒಬ್ಬಳೇ ಕೂತು, ಮೊದಲ ಪೋರ್ಟಿಗೆ ಬಿಗಿಯಾಗಿ ಬರೆದಿಟ್ಟಳು: ಯಾರನ್ನೂ ಏನೂ ಕೇಳಬೇಡ, ಇಷ್ಟೇ ವೇಗ, ಇಬ್ಬರೂ ಒಟ್ಟಿಗೆ ಮಾತಾಡುವುದು, ಮುಗೀತು. ಕೇಬಲ್ ಎಳೆದು ಮತ್ತೆ ಸಿಕ್ಕಿಸಿದಳು. ದೀಪ ಕಣ್ಣು ಮಿಟುಕಿಸುವುದರೊಳಗೆ ಹತ್ತಿತು. ಅಬ್ಬ, ಅಂದುಕೊಂಡಳು.

ಆ ಕಡೆಯ ತುದಿಗೆ, ಕಂಬದ ಮೇಲಿನ ರೇಡಿಯೋ ಪೆಟ್ಟಿಗೆಗೆ, ಅವಳು ಏನೂ ಹೇಳಲಿಲ್ಲ.

ಆಮೇಲೆ ಪರೀಕ್ಷೆ. ಬೋರ್ಡಿನಿಂದ ಅಣೆಕಟ್ಟೆಗೆ ಒಂದು ಕೂಗು ಹಾಕುವುದು, ಅಲ್ಲಿಂದ ಓ ಅಂತ ಬರುತ್ತದೋ ನೋಡುವುದು. ಓದಿದವರು ಅದನ್ನು ಪಿಂಗ್ ಅನ್ನುತ್ತಾರೆ. ಮಂಗಳ ದಿನಕ್ಕೆ ನೂರು ಸಲ ಕೂಗಿದಳು. ನೂರಕ್ಕೆ ನೂರೂ ಓ ಬಂತು. ಮನೆಗೆ ಹೋಗುವ ದಾರಿಯಿಂದ ಹಿಂದೆ ಬಂದು ಇನ್ನೊಂದು ಸಲ ಕೂಗಿ, ಓ ಕೇಳಿಸಿಕೊಂಡು ಹೋಗುತ್ತಿದ್ದಳು. ಒಂದು ಕೂಗು, ಒಂದು ಓ. ಒಂದರ ಮೇಲೊಂದು ಬೀಳದ ಹಾಗೆ, ಮರ್ಯಾದಸ್ಥರ ಮಾತುಕತೆ ಅದು. ಎರಡೂ ಕಡೆಯವರು ಒಟ್ಟಿಗೆ ಬಾಯಿಬಿಟ್ಟರೆ ಏನಾಗುತ್ತದೆ ಅಂತ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಈ ವರ್ಷವೂ ಮಳೆ ಬಂತು. ಅಣೆಕಟ್ಟೆ ತುಂಬಿತು. ಯಾವ ಹೊತ್ತಿಗಾದರೂ ಗೇಟು ಎತ್ತಬಹುದು, ಸೈರನ್ ಮೇಲೆ ಗಮನವಿರಲಿ ಅಂತ ಕಚೇರಿಯಿಂದ ತಿಳಿಸಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಗುರುಮಲ್ಲಪ್ಪ ಕಟ್ಟೆಗೆ ಬಂದರು. ಹೆಗಲ ಮೇಲೆ ಟವಲು, ಕೈಯಲ್ಲಿ ಕುಡುಗೋಲು, ಖಾಲಿ ಕುಕ್ಕೆ.

"ಎಲ್ಲಿಗಪ್ಪಾ?" ಮಂಗಳ ಮಂಟಪದಿಂದ ಇಳಿದು ಬಂದಳು.

"ಗಡ್ಡೆಗೆ ಕಣವ್ವ. ಈ ಸಲಾನೂ ನೀರು ಬಂದು ಮುಳುಗಿದ್ರೆ, ಉಳ್ಕೊಂಡಿರೋ ಆ ಕನಕಾಂಬರದ ತಳಿ ಮತ್ತೆ ಸಿಕ್ಕಲ್ಲ. ನಾಲ್ಕು ಕಡ್ಡಿ ಮುರ್ಕೊಂಡು ಬಂದ್ಬಿಡ್ತೀನಿ."

"ಇವತ್ತೇ ಹೋಗಬೇಕಾ?"

"ವರ್ಷ ಆಯ್ತು, ಹೊಳೆ ಕಂಡ್ರೆ ಕಾಲು ನಡುಗೋದು. ಇವತ್ತು ಧೈರ್ಯ ಬಂತು." ಅವರು ಮಂಟಪದ ಕಡೆ ಕುಡುಗೋಲು ತೋರಿಸಿದರು. "ನಿನ್ನ ಪೆಟ್ಟಿಗೆ ಐತಲ್ಲ."

ಬೇಡಪ್ಪ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬೇಡ ಅಂದರೆ ತನ್ನ ಪೆಟ್ಟಿಗೆಯ ಮೇಲೆ ತನಗೇ ನಂಬಿಕೆ ಇಲ್ಲ ಅಂದ ಹಾಗೆ. ವರ್ಷವಾದ ಮೇಲೆ ಅಪ್ಪನ ಮುಖದಲ್ಲಿ ಈ ಕಳೆ ಕಂಡಿದ್ದಳು. ಹೇಗೆ ಬೇಡ ಅಂದಾಳು? ಮಾತೇ ಮುಗಿಯದವಳು ಅವತ್ತು ಆಡಬೇಕಾದ ಒಂದು ಮಾತನ್ನು ನುಂಗಿದಳು.

ತೆಪ್ಪದ ಬೋರಯ್ಯ ಹುಟ್ಟು ಹಿಡಿದು ನಿಂತಿದ್ದ. ಅವನ ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಮಾತಾಡಬೇಕಾದರೆ ಮೊದಲು ಹೋಗಿ ಉಗಿದು ಬರಬೇಕು. ಅವನು ಉಗಿದು ಬರುವುದರೊಳಗೆ ಕೇಳುವವರು ಮನೆ ಸೇರಿರುತ್ತಿದ್ದರು.

ಅವತ್ತು ಉಗಿದೇ ಬಂದಿದ್ದ.

"ಅದೇನಪ್ಪಾ ಅಂದ್ರೆ ಕಣವ್ವಾ, ನೆನ್ನೆ ಮಧ್ಯಾನ ಆ ಅಣೆಕಟ್ಟೆಯೋರು ಸೈರನ್ನು—"

"ಗೊತ್ತು ಬೋರಣ್ಣಾ, ನನಗೂ ಹೇಳಿದ್ದಾರೆ, ಸೈರನ್ ಕಡೆ ಗಮನ ಇಟ್ಟಿರಿ ಅಂತ. ಎಲ್ಲ ನೋಡಿದ್ದೀನಿ. ಅಪ್ಪನ್ನ ಹುಷಾರಾಗಿ ಕರ್ಕೊಂಡು ಹೋಗು. ಸೈರನ್ ಕೂಗಿದ ತಕ್ಷಣ ತಿರುಗಿಸ್ಬಿಡು, ಅವರು ಕಡ್ಡಿ ಗಿಡ್ಡಿ ಅಂದ್ರೂ ಕೇಳ್ಬೇಡ, ಆಯ್ತಾ?"

ಬೋರಯ್ಯ ತಲೆ ಕೆರೆದುಕೊಂಡ. ಗೊತ್ತು ಅಂದಳಲ್ಲ ಮಗು, ಇನ್ನೇನು ಹೇಳುವುದು ಅಂತ ಹುಟ್ಟನ್ನು ನೀರಿಗೆ ಹಾಕಿದ.

ತೆಪ್ಪ ಒಂದು ಸುತ್ತು ಸುತ್ತಿ ಹೊರಟಿತು. ಅಪ್ಪ ಕುಕ್ಕೆಯನ್ನು ಎದೆಗವುಚಿಕೊಂಡು ಕೂತಿದ್ದರು.

ಮಂಗಳ ಮಂಟಪಕ್ಕೆ ಓಡಿದಳು. ಐದು ನಿಮಿಷಕ್ಕೊಂದು ಚಿತ್ರ ಸಾಲದು ಅನ್ನಿಸಿತು. ಕ್ಯಾಮೆರಾಕ್ಕೆ ಬಿಡದೆ ಕಳಿಸು ಅಂದಳು. ಅಣೆಕಟ್ಟೆಯವರಿಗೂ ಕಾಣಲಿ, ಹೊಳೆಯಲ್ಲಿ ಜನ ಇದ್ದಾರೆ ಅಂತ. ಪರದೆಯ ಮೇಲೆ ತೆಪ್ಪ ಕಾಣಿಸಿತು.

ಮೇಷ್ಟ್ರು ಕೈಕಾಲು ತೊಳೆದುಕೊಂಡು ಒಳಗೆ ಬಂದರು.

"ಬನ್ನಿ ಮೇಷ್ಟ್ರೇ, ಅಪ್ಪ ಗಡ್ಡೆಗೆ ಹೊರಟುಬಿಟ್ರು. ನೋಡಿ, ಇಲ್ಲಿ, ಈ ಚುಕ್ಕೆ. ಏನೂ ಆಗಲ್ಲ ಅಲ್ವಾ?"

"ಚಿತ್ರ ಬಿಡದೆ—"

"ಹೂಂ, ಬಿಡದೆ ಕಳಿಸ್ತಿದ್ದೀನಿ. ನೆನ್ನೆ ಮಧ್ಯಾಹ್ನಾನೂ ಒಂದು ಗಂಟೆ ಹೀಗೇ ಕಳಿಸಿ ನೋಡ್ದೆ, ಚೆನ್ನಾಗಿ ಹೋಯ್ತು. ಈಗ ಆ ಮೂರು ಸೆಕೆಂಡಿನ ಕಾಟಾನೂ ಇಲ್ಲ ಮೇಷ್ಟ್ರೇ. ಹೇಳೋದೇ ಮರೆತಿದ್ದೆ ನಿಮಗೆ. ಕೇಳೋದು ಗೀಳೋದು ಎಲ್ಲ ತೆಗೆದುಹಾಕಿ ಈ ಪೋರ್ಟನ್ನ ಬಿಗಿ ಮಾಡ್ಬಿಟ್ಟಿದ್ದೀನಿ."

ಮೇಷ್ಟ್ರು ಕೈ ಒರೆಸಿಕೊಳ್ಳುತ್ತಿದ್ದ ಚೌಕ ನಿಂತಲ್ಲೇ ನಿಂತಿತು.

"ಆ ಕಡೆಯ ತುದಿಗೂ—"

"ಆ ಕಡೇದೇನು ಮೇಷ್ಟ್ರೇ, ಅದು ಸರಿಯಾಗೇ ಇದೆ. ದೀಪ ಹತ್ತಿದೆಯಲ್ಲ. ದಿನಕ್ಕೆ ನೂರು ಸಲ ಕೂಗ್ತೀನಿ, ನೂರು ಸಲಾನೂ ಓ ಅನ್ನುತ್ತೆ."

"ಮಂಗಳಾ, ಆ ರೇಡಿಯೋ—"

"ಅಯ್ಯೋ, ತೆಪ್ಪ ಯಾಕೆ ಸುತ್ತುತ್ತಿದೆ? ಸುಳಿ ಇದೆಯಾ ಅಲ್ಲಿ? ಬೋರಣ್ಣಂಗೆ ಗೊತ್ತಿರುತ್ತೆ ಅಲ್ವಾ? ಗೊತ್ತಿರುತ್ತೆ, ಗೊತ್ತಿರುತ್ತೆ."

ಮೇಷ್ಟ್ರು ಕಂಬದ ಮೇಲಿನ ರೇಡಿಯೋ ಪೆಟ್ಟಿಗೆಯ ಕಡೆ ತಿರುಗಿದರು. ಆಪರೇಷನ್ ಆದ ಕಣ್ಣನ್ನು ಕಿರಿದು ಮಾಡಿ ನೋಡಿದರು. ಅಣೆಕಟ್ಟೆಯಿಂದ ಮಾತು ಬಂದರೆ ಮಾತ್ರ ಹತ್ತುವ ಒಂದು ಹಳದಿ ದೀಪ ಅದರಲ್ಲಿತ್ತು. ಅದು ಹತ್ತುತ್ತಿತ್ತು. ಪಕ್ಕದಲ್ಲೇ ಕೇಬಲ್ಲಿನ ಕಡೆಯ ದೀಪ ಹತ್ತಲು ಹೋಗಿ, ತಡೆದು, ಆರುತ್ತಿತ್ತು. ಮತ್ತೆ ಹತ್ತಲು ಹೋಗುತ್ತಿತ್ತು. ಮತ್ತೆ ತಡೆಯುತ್ತಿತ್ತು.

"ಮಂಗಳಾ."

"ಇನ್ನು ಸ್ವಲ್ಪವೇ ದಾರಿ ಮೇಷ್ಟ್ರೇ. ಗಡ್ಡೆ ಮುಟ್ಟಿದ್ರೆ ಅಪ್ಪ ಇಳೀತಾರೆ, ಬೋರಣ್ಣ ವಾಪಸ್ ಬರ್ತಾನೆ, ಆಗ ಅಪ್ಪ ಅಲ್ಲಿ ಒಬ್ಬರೇ ಆಗ್ಬಿಡ್ತಾರೆ—"

"ಬಾಯಿ ಮುಚ್ಚು!"

ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ, ಒಂದು ವರ್ಷ ಅವಳೆದುರಿಗೆ, ಮೇಷ್ಟ್ರು ಯಾರ ಮಾತನ್ನೂ ಕಡಿದವರಲ್ಲ. ಮಂಗಳ ಬೆಚ್ಚಿ ತಿರುಗಿದಳು. ಮೇಷ್ಟ್ರು ಒಂದೇ ಹೆಜ್ಜೆಗೆ ಮುಂದೆ ಬಂದು ಕ್ಯಾಮೆರಾದ ತಂತಿಯನ್ನು ಬೋರ್ಡಿನಿಂದ ಕಿತ್ತರು.

ಪರದೆ ಕಪ್ಪಾಯಿತು.

"ಮೇಷ್ಟ್ರೇ! ಅಪ್ಪ! ಅಪ್ಪ ಕಾಣ್ತಿಲ್ಲ!"

ಅವಳು ತಂತಿಗೆ ಕೈ ಹಾಕಿದಳು. ಮೇಷ್ಟ್ರು ತಂತಿಯನ್ನು ಬೆನ್ನ ಹಿಂದೆ ಹಿಡಿದರು.

ಅಷ್ಟರಲ್ಲಿ ಸೈರನ್ ಕೂಗಿತು.

ಕಟ್ಟೆಯ ಮೇಲಿದ್ದ ಪಾರಿವಾಳಗಳು ಒಮ್ಮೆಲೇ ಎದ್ದವು. ಬಟ್ಟೆ ಒಗೆಯುತ್ತಿದ್ದವರು ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಮಂಗಳನ ಎದುರಿಗೆ ಬೋರ್ಡು ಅಣೆಕಟ್ಟೆಯ ಮಾತನ್ನು ಬರೆದು ತೋರಿಸಿತು: ಗೇಟು ಎತ್ತಿದ್ದು ಹತ್ತು ಗಂಟೆ ಎಂಟು ನಿಮಿಷಕ್ಕೆ.

ಗೋಡೆ ಗಡಿಯಾರದಲ್ಲಿ ಹತ್ತೂ ಇಪ್ಪತ್ತು.

ಹನ್ನೆರಡು ನಿಮಿಷ. ಹನ್ನೆರಡು ನಿಮಿಷದಿಂದ ಅಣೆಕಟ್ಟೆಯವರು ಕೂಗುತ್ತಲೇ ಇದ್ದರು.

ಅವಳು ಕಟ್ಟೆಗೆ ಓಡಿದಳು. ತೆಪ್ಪ ಗಡ್ಡೆಯ ಹತ್ತಿರ ಹೋಗಿತ್ತು. ಸೈರನ್ ಕೇಳಿ ಬೋರಯ್ಯ ತಿರುಗಿಸಿದ್ದ. ಅಪ್ಪ ಗಡ್ಡೆಯ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದರು. ಬೋರಯ್ಯ ಕೇಳಲಿಲ್ಲ. ಹುಟ್ಟು ಹಾಕಿದ್ದೇ ಹಾಕಿದ್ದು. ಮಂಗಳ ದೇವರೇ ದೇವರೇ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಹನ್ನೊಂದು ನಿಮಿಷಕ್ಕೆ ತೆಪ್ಪ ದಡ ಮುಟ್ಟಿತು.

ಗುರುಮಲ್ಲಪ್ಪ ಇಳಿದರು. ಕುಕ್ಕೆ ಖಾಲಿ. "ಒಂದು ಕಡ್ಡೀನಾದ್ರೂ ಮುರೀತಿದ್ದೆ," ಅಂದರು. ಮಗಳ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟು, "ನಿನ್ನ ಪೆಟ್ಟಿಗೆ ಗೆದ್ದುಬಿಡ್ತು ಕಣವ್ವ," ಅಂತ ತಲೆ ಸವರಿದರು.

ಅವಳಿಗೆ ಅಳು ಉಕ್ಕಿ ಬಂತು. ಪೆಟ್ಟಿಗೆ ಗೆದ್ದಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಹೇಳಿದ ಹೊತ್ತಿಗೆ ಸರಿಯಾಗಿ ನೀರು ಬಂತು. ಮೊದಲು ಒಂದು ಕೆಂಪು ಗೆರೆ, ಆಮೇಲೆ ಸದ್ದು. ಕಟ್ಟೆಯ ನಾಲ್ಕು ಮೆಟ್ಟಿಲು ಮುಳುಗಿದವು. ಗಡ್ಡೆ ಕಾಣದಾಯಿತು. ಹೊಂಗೆ ಮರದ ತಲೆ ಮಾತ್ರ ಉಳಿಯಿತು.

ಮಂಗಳ ಮಂಟಪಕ್ಕೆ ಹಿಂತಿರುಗಿದಳು. ಮೇಷ್ಟ್ರು ಕ್ಯಾಮೆರಾದ ತಂತಿಯನ್ನು ಇನ್ನೂ ಕೈಯಲ್ಲೇ ಹಿಡಿದು ಕೂತಿದ್ದರು.

"ನನಗೆ ಅರ್ಥ ಆಗ್ತಿಲ್ಲ ಮೇಷ್ಟ್ರೇ. ನೀವು ಕಿತ್ತಿದ್ದು ಕ್ಯಾಮೆರಾ. ಕೂಗಿದ್ದು ಸೈರನ್. ಅದಕ್ಕೂ ಇದಕ್ಕೂ ಏನು? ದೀಪ ಹತ್ತಿತ್ತಲ್ಲ? ಓ ಅಂತಿತ್ತಲ್ಲ?"

"ಇಪ್ಪತ್ತರವರೆಗೆ ಎಣಿಸು," ಅಂದರು ಮೇಷ್ಟ್ರು. "ಎಲ್ಲೂ ನಿಲ್ಲಿಸಬೇಡ. ಅಷ್ಟರೊಳಗೆ ನಾನು ಒಂದು ಮಾತು ಹೇಳ್ತೀನಿ."

ಅವಳು ಎಣಿಸಿದಳು. ಒಂದು, ಎರಡು, ಮೂರು. ಮೇಷ್ಟ್ರು ಬಾಯಿ ತೆರೆದರು, ಅವಳ ದನಿ ಕೇಳಿ ಮುಚ್ಚಿದರು. ಏಳಕ್ಕೆ ಮತ್ತೆ ತೆರೆದರು, ಮುಚ್ಚಿದರು. ಹನ್ನೆರಡಕ್ಕೆ. ಹದಿನೇಳಕ್ಕೆ. ಇಪ್ಪತ್ತಾಯಿತು.

"ಏನು ಹೇಳಿದೆ ನಾನು?"

"ಏನೂ ಹೇಳ್ಲಿಲ್ಲ."

"ನಾಲ್ಕು ಸಲ ಹೇಳೋಕೆ ಹೋದೆ."

ಮಂಗಳ ಕಂಬದ ಮೇಲಿನ ರೇಡಿಯೋ ಪೆಟ್ಟಿಗೆ ನೋಡಿದಳು.

"ಅದರ ಜೊತೆ ಮಾತುಕತೆ ಬೇಡ ಅಂದೆ ನೀನು," ಅಂದರು ಮೇಷ್ಟ್ರು. "ಅದು ಕೇಳ್ತು, ಉತ್ತರ ಬರಲಿಲ್ಲ. ಉತ್ತರ ಕೊಡದವರ ಜೊತೆ ತಗ್ಗಿ ನಡೀಬೇಕು ಅಂತ ಅದರ ಬುದ್ಧಿ. ಒಬ್ಬರಾದ ಮೇಲೆ ಒಬ್ಬರು ಅಂತ ಅದು ಅಂದುಕೊಂಡಿತು. ಇಬ್ಬರೂ ಒಟ್ಟಿಗೆ ಅಂತ ನಿನ್ನ ಬೋರ್ಡು ಅಂದುಕೊಂಡಿತು. ನಿನ್ನ ಬೋರ್ಡು ಚಿತ್ರ ಕಳಿಸ್ತಾನೇ ಇತ್ತು. ಆ ರೇಡಿಯೋ ಅಣೆಕಟ್ಟೆ ಮಾತನ್ನ ಹೇಳೋಕೆ ಹೋಗೋದು, ನಿನ್ನ ದನಿ ಕೇಳೋದು, ನಿಲ್ಲಿಸೋದು."

"ನಾನು ಅಪ್ಪನ್ನ ನೋಡ್ಬೇಕು ಅಂತ—"

ಅವಳ ಮಾತು ಅಲ್ಲೇ ನಿಂತಿತು. ತಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇ ಅಪ್ಪನ ಪಾಲಿಗೆ ಬರಬೇಕಾದ ಮಾತಿಗೆ ಅಡ್ಡ ನಿಂತಿತ್ತು.

"ನನ್ನದೂ ಅರ್ಧ ತಪ್ಪು," ಅಂದರು ಮೇಷ್ಟ್ರು ಕೈ ನೋಡಿಕೊಳ್ಳುತ್ತ. "ಆ ರೇಡಿಯೋ ಪೆಟ್ಟಿಗೆಗೂ ನನಗೂ ಒಂದೇ ರೋಗ."

ಆ ಹೊತ್ತಿಗೆ ಬೋರಯ್ಯ ಮಂಟಪದ ಮೆಟ್ಟಿಲ ಬಳಿ ಬಂದು ನಿಂತ. ಬಾಯಿ ತುಂಬ ಎಲೆ. ಮಂಗಳನನ್ನು ಕಂಡು ಏನೋ ಹೇಳಬೇಕು ಅಂತ ಕೈ ಎತ್ತಿದ.

ಮಂಗಳನ ಬಾಯಲ್ಲಿ ಮಾತು ಬಂದಿತ್ತು. ತುಟಿ ಕಚ್ಚಿದಳು. ಸುಮ್ಮನೆ ನಿಂತಳು.

ಬೋರಯ್ಯನಿಗೆ ನಂಬಿಕೆ ಬರಲಿಲ್ಲ. ಅವಳ ಕಡೆ ಎರಡು ಸಲ ತಿರುಗಿ ನೋಡುತ್ತ ಕಟ್ಟೆಯ ಮೂಲೆಗೆ ಹೋದ, ಉಗಿದ, ಬಾಯಿ ಮುಕ್ಕಳಿಸಿದ, ಟವಲಿನಲ್ಲಿ ಒರೆಸಿಕೊಂಡ, ಬಂದ. ಅವಳು ಹಾಗೇ ನಿಂತಿದ್ದಳು.

"ಅದೇನಪ್ಪಾ ಅಂದ್ರೆ ಕಣವ್ವಾ..." ಅಂದ. ತಡೆದ. ಯಾರೂ ನಡುವೆ ಬಾಯಿ ಹಾಕಲಿಲ್ಲ. "ನೆನ್ನೆ ಮಧ್ಯಾನ ಅಣೆಕಟ್ಟೆಯೋರು ನಂಗೆ ಫೋನ್ ಮಾಡಿದ್ರು. ಪರೀಕ್ಷೆಗೆ ಅಂತ ಮೂರು ಸಲ ಸೈರನ್ನಿಗೆ ಯೋಳಿದ್ದೀವಿ, ಕೂಗ್ತಾ ಅಂದ್ರು. ಒಂದು ಸಲಾನೂ ಕೂಗಿಲ್ಲ ಕಣಪ್ಪ ಅಂದೆ. ಆ ಹುಡುಗಿಗೆ ಯೋಳು, ಅವಳ ಫೋನು ಯಾವಾಗ್ಲೂ ಎಂಗೇಜು ಅಂದ್ರು. ಬೆಳಿಗ್ಗೆ ಯೋಳಕ್ಕೆ ಬಂದೆ. ನೀನು ಗೊತ್ತು ಅಂದ್ಯಲ್ಲ. ಓದಿರೋ ಮಗು, ಗೊತ್ತಿರ್ತದೆ ಅಂದ್ಕಂಡೆ."

ಮಂಗಳ ಪೂರ್ತಿ ಕೇಳಿಸಿಕೊಂಡಳು. ಅವನು ಮುಗಿಸಿದ ಮೇಲೂ ಇನ್ನೇನಾದರೂ ಇದೆಯೇನೋ ಅಂತ ಸ್ವಲ್ಪ ಹೊತ್ತು ಕಾದಳು.

"ಗೊತ್ತಿರ್ಲಿಲ್ಲ ಬೋರಣ್ಣ," ಅಂದಳು. ಬೋರಯ್ಯ ಹೆಗಲ ಟವಲು ಕೊಡವಿಕೊಂಡು ತೆಪ್ಪ ಮೇಲೆಳೆಯಲು ಹೋದ.

ಅವಳು ಬೋರ್ಡಿನ ಮುಂದೆ ಕೂತಳು. ಹದಿನೈದು ದಿನದ ಹಿಂದೆ ಬಿಗಿ ಮಾಡಿದ್ದನ್ನು ಬಿಚ್ಚಿ, ಮೊದಲಿನ ಹಾಗೆ ಕೇಳಿಕೊಂಡು ನಡೆ ಅಂತ ಬರೆದಳು. ಹೀಗೆ ಬದಲಿಸಿದರೆ ದೀಪ ಒಮ್ಮೆ ಆರಲೇಬೇಕು. ಹೊರಗೆ ಹೊಳೆ ಮೊರೆಯುತ್ತಿತ್ತು. ಬೆರಳು ಕೀಲಿಯ ಮೇಲೆ ನಿಂತೇ ಇತ್ತು.

ಒತ್ತಿದಳು. ಹಸಿರು ದೀಪ ಆರಿತು.

ಒಂದು. ಕೀಲಿಯಿಂದ ಬೆರಳು ತೆಗೆದಳು.

ಎರಡು. ಹೊಂಗೆ ಮರ ಕಣ್ಣಮುಂದೆ ಬಂತು.

ಮೂರು.

ದೀಪ ಹತ್ತಿತು. ಕಂಬದ ಮೇಲಿನ ಪೆಟ್ಟಿಗೆಯಲ್ಲೂ ಹತ್ತಿತು. ಅವಳು ಕ್ಯಾಮೆರಾದ ತಂತಿಯನ್ನು ಮೇಷ್ಟ್ರ ಕೈಯಿಂದ ತೆಗೆದುಕೊಂಡು ಸಿಕ್ಕಿಸಿದಳು. ಚಿತ್ರಗಳು ಬಿಡದೆ ಹೋಗತೊಡಗಿದವು. ಅವು ಹೋಗುತ್ತಿರುವಾಗಲೇ ಒಂದು ಕೂಗು ಹಾಕಿದಳು. ಓ ಬಂತು. ಇನ್ನೊಂದು ಹಾಕಿದಳು. ಓ ಬಂತು. ಮೂರನೆಯದು ಹಾಕಬೇಕು ಅನ್ನಿಸಿತು, ಹಾಕಲಿಲ್ಲ.

ಮೇಷ್ಟ್ರ ಕಡೆಗೆ ತಿರುಗಿದಳು.

"ಮೇಷ್ಟ್ರೇ, ಮೊದಲನೇ ದಿನ ನಿಮ್ಮನ್ನ ಒಂದು ಮಾತು ಕೇಳಿದ್ದೆ. ಈ ಭಯ ಹೋಗೋದು ಹೇಗೆ ಅಂತ."

ಮುಂದಕ್ಕೆ ಇನ್ನೂ ಹತ್ತು ಮಾತು ನಾಲಿಗೆಗೆ ಬಂದವು. ನೀವು ಹೇಳಲೇ ಇಲ್ಲ, ಯಾಕೆ ಹೇಳಲಿಲ್ಲ, ಈಗಲಾದರೂ ಹೇಳಿ, ಹೇಳದಿದ್ದರೆ ನಾನೇನು ಮಾಡಲಿ. ಒಂದನ್ನೂ ಆಡಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತಳು.

ಒಂದು. ಎರಡು. ಮೂರು.

ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಕಾದರು. ಅವಳು ಸುಮ್ಮನೇ ಇದ್ದಳು. ಆಗ ಕನ್ನಡಕ ತೆಗೆದು ಪಕ್ಕದಲ್ಲಿಟ್ಟು ಕೇಳಿದರು:

"ಈಗ ಹೇಳ್ಲಾ, ಮಗಳೇ?"